ಪಕ್ಷ ಮುಗಿಯುವ ಮುಂಚೆ

"ಪಿತೃಪಕ್ಷದಾಗನ ಬರಬೇಕಿತ್ತೇನು ಇದು?"

ಫೋನ್ ಕೆಳಗಿಟ್ಟ ವತ್ಸಲಾ ಕೇಳಿದ್ದು ಯಾರನ್ನೂ ಅಲ್ಲ. ಗಂಡ ಗೋಪೀನಾಥ ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದ. ಅವಳು ಕಿಟಕಿಯ ತನಕ ಹೋದಳು, ಮತ್ತೆ ಫೋನಿನ ಹತ್ತಿರ ಬಂದಳು, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋಗಿ ನಿಂತಳು.

ತಾವು ಕೊಳ್ಳಬೇಕೆಂದಿದ್ದ ಇಲ್ಫರ್ಡಿನ ಮನೆಗಾಗಿ ಯುಗಾದಿಯಿಂದ ಕಾದಿದ್ದರು. ಅದರ ಬೆಲೆ ಮಾಲೀಕರು ಅದರ ಮೇಲೆ ಮಾಡಿದ್ದ ಸಾಲಕ್ಕಿಂತ ಕೆಳಗಿಳಿದಿದ್ದರಿಂದ, ಮಾರಾಟಕ್ಕೆ ಬ್ಯಾಂಕು ಒಪ್ಪಬೇಕಿತ್ತು. ಕೇಳಿದಾಗಲೆಲ್ಲ ಏಜೆಂಟ್ ಡೆರೆಕ್, "ಬ್ಯಾಂಕಿನವರು ನೋಡ್ತಿದಾರೆ" ಎನ್ನುತ್ತಿದ್ದ. ಈಗ ಒಪ್ಪಿಗೆ ಬಂದಿತ್ತು, ಶುಕ್ರವಾರದವರೆಗೆ ಮಾತ್ರ. ಅಷ್ಟರೊಳಗೆ ಎರಡೂ ಕಡೆಯವರು ಸಹಿ ಮಾಡದಿದ್ದರೆ ಬ್ಯಾಂಕೇ ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜಿಗಿಡುತ್ತದೆ. ಇತ್ತ ಆಸ್ಪತ್ರೆಯ ಕ್ವಾರ್ಟರ್ಸನ್ನು ತಿಂಗಳ ಕೊನೆಗೆ ಬಿಡಲೇಬೇಕು.

ಪಕ್ಷದಲ್ಲಿ ತಾನು ಹೇಗೆ ಸಹಿ ಮಾಡಲಿ ಎಂದು ಅವಳು ತಡವರಿಸುವಷ್ಟರಲ್ಲಿ ಡೆರೆಕ್ ಫೋನಿನಲ್ಲಿ ಹೇಳಿದ್ದ: "ಮಾರುವವರೇ ಯಾವುದೋ ಹದಿನೈದು ದಿನ ಆಗೋದಿಲ್ಲ ಅಂತಿದಾರೆ. ನಿಮ್ಮ ಭಾಷೆಯವರಲ್ಲವೇ? ನೀವೇ ಒಂದು ಮಾತು ಹೇಳಿ ನೋಡಿ."

ದೇವರ ಮುಂದೆ ತಪ್ಪಾಯಿತೆಂದು ಕೈಮುಗಿದು ಅವಳು ಹೊರಟಳು.

ಬಾಗಿಲು ತೆರೆದವರು ಮನೆಯ ಮಾಲೀಕ, ಮೈಸೂರಿನ ಶೇಷಾದ್ರಿ. ಹೆಂಡತಿ ತೀರಿಕೊಂಡು ಎರಡು ವರ್ಷವಾದ ಮೇಲೆ ಕೆಲಸವನ್ನೂ ಕಳೆದುಕೊಂಡಿದ್ದ ಅವರು, ಆ ಮನೆಯಲ್ಲಿ ಒಬ್ಬರೇ ಇದ್ದರು. ಊಟದ ಮೇಜಿನ ಮೇಲೆ ಈಸ್ಟ್ ಹ್ಯಾಮಿನ ಅಂಗಡಿಯಿಂದ ತಂದ ಬಾಳೆಲೆಯ ಸುರುಳಿ. ಅದರ ಪಕ್ಕದಲ್ಲಿ ಸಹಿ ಬೀಳದ ಕರಾರು.

"ಡೆರೆಕ್ ಕಳಿಸಿದ್ನಾ? ಬಾಮ್ಮಾ, ಕೂತ್ಕೋ. ನನ್ ಹತ್ರ ಇಂಗ್ಲಿಷಲ್ಲಿ ಸೋತು ಕನ್ನಡದವ್ರನ್ನ ಹುಡುಕ್ದ."

ವತ್ಸಲಾ ಕುರ್ಚಿಯ ತುದಿಯಲ್ಲಿ ಕುಳಿತಳು. "ರಾಯರ, ನೀವು ಬಿಡದಿದ್ರ ಬ್ಯಾಂಕಿನವ್ರು ಹೆಂಗೂ ಬಿಡಸ್ತಾರ್ರಿ. ನಮಗೂ ಹೋಗ್ಲಿಕ್ಕೆ ಬ್ಯಾರೆ ಜಾಗಾ ಇಲ್ಲ."

"ಗೊತ್ತು. ಆದ್ರೆ ಅವ್ರು ಬಿಡ್ಸೋ ಹೊತ್ತಿಗೆ ಪಕ್ಷ ಮುಗ್ದಿರತ್ತೆ. ನಿಮ್ಮನೇಲಿ ಪಕ್ಷ ಮಾಡ್ತೀರಾ?"

"ಮಾಡ್ತೇವ್ರಿ."

"ಈ ದಿನಗಳಲ್ಲಿ ಹೊಸದೇನಾದ್ರೂ ಮನೆಗೆ ತರ್ತೀಯಾ?"

ಮೊನ್ನೆ ಅಂಗಡಿಯಲ್ಲಿ ಕೈಗೆತ್ತಿಕೊಂಡ ಒಂದು ಸ್ಟೀಲ್ ಡಬ್ಬಿಯನ್ನೂ ಅವಳು ವಾಪಸು ಇಟ್ಟು ಬಂದಿದ್ದಳು. ಸುಳ್ಳು ನಾಲಿಗೆಗೆ ಬರಲಿಲ್ಲ.

"ಇಲ್ರಿ," ಎಂದಳು. ನಂತರ ಅವಸರದಿಂದ, "ಬರೇ ಸಹಿ ಅಷ್ಟರೀ. ಕೀಲಿ ಅಮಾಸಿ ಆದಮ್ಯಾಲ ಕೊಡ್ರಿ. ಅಲ್ಲೀತನಾ ನಾವು ಈ ಕಡೆ ಹಾಯೂದಿಲ್ಲ. ನಿಮ್ಮ ಮಗಳಂತ ತಿಳ್ಕೊಂಡು ಒಂದ್ ಸಹಿ ಮಾಡ್ರಿ."

ಹೊರಗೆ ಬಸ್ಸೊಂದು ಹಾದು ಕಿಟಕಿಯ ಗಾಜು ನಡುಗಿತು. ಶೇಷಾದ್ರಿ ಬಾಳೆಲೆಯ ಸುರುಳಿ ಬಿಚ್ಚಿ, ಒದ್ದೆ ಬಟ್ಟೆಯಿಂದ ಒಂದೊಂದನ್ನೇ ಒರೆಸತೊಡಗಿದರು. ಹರಿದದ್ದನ್ನು ಬದಿಗಿಟ್ಟರು.

"ಅವಿಧವಾ ನವಮಿ ಬರೋದು ಶುಕ್ರವಾರ ಆದ್ಮೇಲೆ. ನನ್ ಹೆಂಡ್ತಿ ಮುತ್ತೈದೆಯಾಗಿ ಹೋದವಳು, ಅವತ್ತು ಈ ಮನೆಗೇ ಬರ್ತಾಳೆ. ಸಹಿ ಹಾಕಿದ್ಮೇಲೆ ಮನೆ ನಂದಲ್ಲ. ನಂದಲ್ಲದ ಮನೇಲಿ ಅವಳಿಗೆ ಎಲೆ ಹಾಕ್ಲಾ?"

"ರಾಯರ..."

ಅವರು ಕರಾರನ್ನು ಮಡಚಿ ಅವಳ ಕಡೆಗೆ ಸರಿಸಿದರು.

"ಸಹಿ ಹಾಕಲ್ಲಮ್ಮ. ನೀನು ಕೇಳಿದ್ರೂ ಹಾಕಲ್ಲ."