ಬಟ್ಟೆಯ ಹಿಂಬದಿ

ಮೂರು ವಾರದಲ್ಲಿ ಇದು ಐದನೇ ಷೋರೂಂ. ಕತ್ತರಿ ಅಕ್ಕನಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಹೊಲಿಗೆ ಮೆಷಿನ್ ಕೊಳ್ಳಲು ಬಂದವರಿಗೆ ಹೊಲಿಗೆ ತೋರಿಸಬೇಕು ತಾನೇ? ಹೋದಲ್ಲೆಲ್ಲ ಮೊದಲು ಕೂರಿಸಿ ಕಾಫಿ ಕೊಡುತ್ತಾರೆ, ಆಮೇಲೆ ಬಣ್ಣದ ಪುಸ್ತಕ ಕೊಡುತ್ತಾರೆ, ಆಮೇಲೆ ಮೆಷಿನ್ನಿಗೆ ಫೋನ್ ಜೋಡಿಸುವುದು ಹೇಗೆಂದು ಪಾಠ ಮಾಡುತ್ತಾರೆ. ಸೂಜಿ ಬಟ್ಟೆಗೆ ಇಳಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.

ಕತ್ತರಿ ಅಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಕೈಯಲ್ಲಿರುವ ಕತ್ತರಿ ನೋಡಿ ಇಟ್ಟರೋ, ಬಾಯಲ್ಲಿರುವುದನ್ನು ಕೇಳಿ ಇಟ್ಟರೋ, ಯಾರೂ ಬಿಡಿಸಿ ಹೇಳಿಲ್ಲ. ಎರಡು ಕೋಣೆಯ ಟೈಲರ್ ಅಂಗಡಿ ಅವಳದು, ಶುರುವಾಗಿ ಮೂವತ್ತು ವರ್ಷವಾಯಿತು. ಮುಂದಿನ ಕೋಣೆಯಲ್ಲಿ ಅವಳು ಅಳತೆ ತೆಗೆದು, ಕತ್ತರಿಸಿ, ಹೊಲಿಯುತ್ತಾಳೆ. ಒಳಕೋಣೆಯ ಕಿಟಕಿಯ ಪಕ್ಕದ ಕುರ್ಚಿ ತಂಗಿಯದು. ತಂಗಿಗೆ ನಲವತ್ತೆಂಟು ತುಂಬಿದೆ, ಮದುವೆಗೆ ಬಂದ ಮಗಳಿದ್ದಾಳೆ, ಆದರೂ ಅಕ್ಕನ ಬಾಯಲ್ಲಿ ಪುಟ್ಟಿಯೇ. ಪುಟ್ಟಿಯ ಕೈಕಸೂತಿ ಎಂದರೆ ಮೂರು ಬೀದಿಯಾಚೆಯಿಂದ ಜನ ಹುಡುಕಿಕೊಂಡು ಬರುತ್ತಾರೆ.

ಈ ಮೆಷಿನ್ನಿನ ಚಿಂತೆ ಗಂಟು ಬಿದ್ದಿದ್ದು ಒಂದು ದೊಡ್ಡ ಹೋಟೆಲಿನವರಿಂದ. ಆರುನೂರು ನ್ಯಾಪ್ಕಿನ್ನುಗಳ ಮೂಲೆಯಲ್ಲಿ ನೀಲಿ ಅಕ್ಷರ, ಅದರ ಪಕ್ಕ ಎರಡೆಲೆ. ಆಮೇಲೆ ಪ್ರತಿ ಮೂರು ತಿಂಗಳಿಗೂ ಅಷ್ಟೇ ಕೆಲಸ. ಕೈಯಲ್ಲಿ ಮಾಡುತ್ತಾ ಕೂತರೆ ಮೊಮ್ಮಕ್ಕಳ ಕಾಲಕ್ಕೆ ಮುಗಿದೀತು. ಕೆಲಸ ಒಪ್ಪಿಕೊಳ್ಳುತ್ತೀರೋ ಇಲ್ಲವೋ ಈ ಶನಿವಾರದೊಳಗೆ ಹೇಳಿ ಎಂದಿದ್ದರು. ಕಸೂತಿ ಮೆಷಿನ್ ಬೇಕೇ ಬೇಕು, ಅದು ಅಕ್ಕನಿಗೂ ಗೊತ್ತು. ಆದರೆ ಮೆಷಿನ್ ಒಳಕೋಣೆಗೆ ಬಂದು ಕೂತರೆ ಪುಟ್ಟಿ ಎಲ್ಲಿ ಕೂರಬೇಕು? ಗುಂಡಿ ಒತ್ತಿದರೆ ಹೂ ಅರಳಿಸುವ ಮೆಷಿನ್ ಪಕ್ಕದಲ್ಲಿ ಸೂಜಿ ಹಿಡಿದವಳಿಗೆ ಯಾವ ಕೆಲಸ ಉಳಿಯುತ್ತದೆ? ಇದೊಂದು ಯೋಚನೆ ಅಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳದೆ, ಹೋದ ಕಡೆಯೆಲ್ಲ ಮೆಷಿನ್ನುಗಳಲ್ಲಿ ಹುಳುಕು ಹುಡುಕುತ್ತಿದ್ದಳು.

ಮೊದಲನೇ ಷೋರೂಮಿನದು ಅಗ್ಗ, ಆದರೆ ಬಟ್ಟೆ ಹಿಡಿಯುವ ಫ್ರೇಮು ಅಂಗೈಯಷ್ಟೇ. ಎರಡನೆಯದರ ಸದ್ದು ಹಿಟ್ಟಿನ ಗಿರಣಿಯದು. ಮೂರನೆಯದಕ್ಕೆ ಆರು ಸೂಜಿ, ಆರು ಬಣ್ಣದ ದಾರ. ಒಂದೇ ನೀಲಿ ಅಕ್ಷರಕ್ಕೆ ಆರು ಸೂಜಿ ಕಟ್ಟಿಕೊಂಡು ಏನು ಮಾಡುವುದು? ನಾಲ್ಕನೆಯದು ಎಲ್ಲಾ ಸರಿಯಿತ್ತು, ಅದನ್ನು ಮಾರುವವನ ಮುಖ ಸರಿಯಿರಲಿಲ್ಲ ಎಂದಳು.

ಇದಕ್ಕೆಲ್ಲ ಅಕ್ಕನ ಗಂಡನದೊಂದು ಪಟ್ಟಿ ಬೇರೆ. ಕಚೇರಿಯಿಂದ ನಿವೃತ್ತಿಯಾದ ಮೇಲೆ ಆತನಿಗೆ ಸಿಕ್ಕ ಮೊದಲ ನಿಜವಾದ ಕೆಲಸ ಇದು. ಅಡ್ಡಗೆರೆ, ಉದ್ದಗೆರೆ ಎಳೆದು ಬೆಲೆ, ಫ್ರೇಮಿನ ಅಳತೆ, ನಿಮಿಷಕ್ಕೆ ಎಷ್ಟು ಹೊಲಿಗೆ, ಎಷ್ಟು ವರ್ಷದ ಗ್ಯಾರಂಟಿ ಎಲ್ಲವನ್ನೂ ಕೆಂಪು ಶಾಯಿ, ಹಸಿರು ಶಾಯಿಯಲ್ಲಿ ಬರೆದಿದ್ದ.

"ನೋಡೇ, ನಾಲ್ಕನೇದಕ್ಕೆ ನಿಮಿಷಕ್ಕೆ ಸಾವಿರ ಹೊಲಿಗೆ. ಇದಕ್ಕೆ ಸಾವಿರದ ಐವತ್ತು," ಎಂದ, ಐದನೇ ಷೋರೂಮಿನ ಸೋಫಾದಲ್ಲಿ ಕೂತು.

"ಆ ಐವತ್ತು ಹೊಲಿಗೆ ಇಟ್ಕೊಂಡು ನೀವೇನ್ರೀ ಮಾಡ್ತೀರಾ, ಉಪ್ಪಿನಕಾಯಿ ಹಾಕ್ತೀರಾ?"

ಗಂಡ ಪಟ್ಟಿಯ ಕಡೆ ತಿರುಗಿಕೊಂಡ. ಮೂವತ್ತೈದು ವರ್ಷದ ಸಂಸಾರದಲ್ಲಿ ಆತ ಕಲಿತ ವಿದ್ಯೆ ಅದೊಂದೇ.

ಷೋರೂಮಿನ ಮ್ಯಾನೇಜರು ಟೈ ಕಟ್ಟಿದ ದಪ್ಪನೆಯ ಮನುಷ್ಯ, ಸಹನೆಯೇ ಮೂರ್ತಿವೆತ್ತಂತೆ ಇದ್ದ. ಎರಡು ಮೆಷಿನ್ ತೋರಿಸಿದ. ಒಂದಕ್ಕೆ ಎರಡೂವರೆ ಲಕ್ಷ. ಇನ್ನೊಂದಕ್ಕೆ ನಾಲ್ಕು, ಅದಕ್ಕೆ ದೊಡ್ಡ ಪರದೆ, ಬಟ್ಟೆಯ ಮೇಲಿನ ಚಿತ್ರವನ್ನು ನೋಡಿ ತಾನೇ ಹೊಲಿಯುವ ಕ್ಯಾಮೆರಾ, ಒಳಗೇ ಎಂಟುನೂರು ಡಿಸೈನು.

"ಎಂಟುನೂರರಲ್ಲಿ ಏಳುನೂರ ತೊಂಬತ್ತು ಚಿಟ್ಟೆ, ನಾಯಿಮರಿ," ಎಂದಳು ಅಕ್ಕ. "ನಮ್ಮ ಗಿರಾಕಿಗಳು ಯಾರೂ ನಾಯಿಮರಿ ಕೇಳಲ್ಲ. ಮತ್ತೆ ಇಷ್ಟು ದೊಡ್ಡ ಟಿವಿ ಯಾಕೆ? ಹೊಲಿಯೋದು ಬಿಟ್ಟು ಧಾರಾವಾಹಿ ನೋಡೋಕಾ?"

"ಅಕ್ಷರ ದೊಡ್ಡದಾಗಿ ಕಾಣುತ್ತೆ ಮೇಡಂ."

ಆಗ ಪುಟ್ಟಿ, ಅಷ್ಟು ಹೊತ್ತೂ ಅಕ್ಕನ ಪಕ್ಕದಲ್ಲಿ ಕೂತಿದ್ದವಳು, ಕನ್ನಡಕ ಸರಿಮಾಡಿಕೊಂಡು ಕೇಳಿದಳು: "ಇದು ಸೂಜಿಗೆ ದಾರ ತಾನೇ ಪೋಣಿಸುತ್ತಾ?"

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಐದು ಷೋರೂಮಿನಲ್ಲೂ ಇವಳದು ಇದೊಂದೇ ಪ್ರಶ್ನೆ. ಬೆಲೆ ಕೇಳಲಿಲ್ಲ, ಫ್ರೇಮು ಕೇಳಲಿಲ್ಲ, ರಿಪೇರಿಗೆ ಯಾರು ಬರುತ್ತಾರೆ ಎಂದು ಕೇಳಲಿಲ್ಲ.

"ದಾರ ಪೋಣಿಸೋಕೂ ಮೆಷಿನ್ ಬೇಕೇನೇ ನಿಂಗೆ? ಕೈ ಬಿದ್ದುಹೋಗಿದೆಯಾ? ನಾಳೆ ತುತ್ತು ಬಾಯಿಗಿಡೋಕೂ ಒಂದು ಮೆಷಿನ್ ಕೇಳ್ತೀಯ." ಅಕ್ಕ ಮ್ಯಾನೇಜರ ಕಡೆ ತಿರುಗಿದಳು. "ಇವಳ ಶಿಸ್ತು ನಿಮಗೆ ಗೊತ್ತಿಲ್ಲ. ಬೆಳಗ್ಗೆ ಅಂಗಡಿಗೆ ಬರುವಾಗಲೇ ಇಪ್ಪತ್ತು ಸೂಜಿಗೆ ದಾರ ಪೋಣಿಸಿ, ಪಿನ್ನಿನ ದಿಂಬಿಗೆ ಚುಚ್ಚಿಕೊಂಡು ಬರ್ತಾಳೆ. ಒಂದು ನಿಮಿಷ ದಂಡ ಮಾಡಲ್ಲ. ಅಂಥವಳಿಗೆ ಈ ಆಟಿಕೆ ಯಾಕೆ?"

ಪುಟ್ಟಿ ನೆಲ ನೋಡಿದಳು. ಮ್ಯಾನೇಜರು ಎರಡು ಮೆಷಿನ್ನಿಗೂ ಆ ಸೌಕರ್ಯ ಇದೆ ಎಂದು ಮೆಲ್ಲಗೆ ಹೇಳಿದ.

"ಇರಲಿ, ಮಾತು ಸಾಕು," ಎಂದಳು ಅಕ್ಕ. "ಹೊಲಿದು ತೋರಿಸಿ. ನಂದೊಂದು ಪರೀಕ್ಷೆ ಇದೆ."

ಅಕ್ಕನ ಪರೀಕ್ಷೆ ಬೀದಿಗೆಲ್ಲ ಗೊತ್ತಿದ್ದದ್ದೇ. ಅವಳು ಯಾವ ಹೊಲಿಗೆಯನ್ನೂ ಮುಂಬದಿಯಿಂದ ನೋಡುವವಳಲ್ಲ. ಮುಂದೆ ಎಲ್ಲರೂ ನಗುತ್ತಾರೆ, ಬಣ್ಣ ಬಯಲಾಗುವುದು ಹಿಂದೆಯೇ ಎನ್ನುತ್ತಾಳೆ. ಅಂಗಡಿಗೆ ಕೆಲಸ ಕೇಳಿಕೊಂಡು ಬಂದ ಎಷ್ಟೋ ಹೆಂಗಸರು ಬಟ್ಟೆ ಮಗುಚಿದ ಮರುಕ್ಷಣ ವಾಪಸು ಹೋಗಿದ್ದಾರೆ. ಅವಳು ಮಗುಚಿ ನೋಡದೆ ಗಿರಾಕಿಯ ಕೈಗೆ ಕೊಡುತ್ತಿದ್ದದ್ದು ಒಬ್ಬಳ ಕೆಲಸವನ್ನು ಮಾತ್ರ. ಪುಟ್ಟಿಯ ಹೊಲಿಗೆಗೆ ಹಿಂದು ಮುಂದು ಎರಡೂ ಒಂದೇ. ಅದನ್ನು ನೋಡುವುದೇನು, ಅಂಗೈ ಹುಣ್ಣಿಗೆ ಕನ್ನಡಿಯೇ?

ಹೋಟೆಲಿನ ನ್ಯಾಪ್ಕಿನ್ ಬಟ್ಟೆಯಲ್ಲೇ ಎರಡು ತುಂಡು ತಂದಿದ್ದರು. ಒಂದರ ಮೇಲೆ ಪುಟ್ಟಿ ಹಿಂದಿನ ದಿನವೇ ಅಕ್ಷರ, ಎಲೆ ಹೊಲಿದು, ಮಡಿಸಿ ಚೀಲದಲ್ಲಿ ಇಟ್ಟುಕೊಂಡಿದ್ದಳು. ಇನ್ನೊಂದು ಖಾಲಿ. ಮ್ಯಾನೇಜರು ಪುಟ್ಟಿಯ ತುಂಡನ್ನು ನಾಲ್ಕು ಲಕ್ಷದ ಮೆಷಿನ್ನಿನ ಕ್ಯಾಮೆರಾದ ಕೆಳಗಿಟ್ಟ. ಪರದೆಯ ಮೇಲೆ ಅಕ್ಷರ ಮೂಡಿತು. ಖಾಲಿ ತುಂಡನ್ನು, ಸುಕ್ಕಾಗದಂತೆ ಅಡಿಗೊಂದು ಕಾಗದ ಇಟ್ಟು, ಫ್ರೇಮಿಗೆ ಬಿಗಿದ.

"ಕೆಳಗಿನ ಬಾಬಿನ್ನಿನ ದಾರವೂ ಅದೇ ನೀಲಿ ಇರ್ಲಿ," ಎಂದಳು ಅಕ್ಕ. "ಬಿಳಿ ಹಾಕಿ ನನ್ನ ಕಿವಿಗೆ ಹೂವಿಡಬೇಡಿ. ಮುಗಿದ ಮೇಲೆ ಹಿಂದಿನ ಕಾಗದ ಚೆನ್ನಾಗಿ ಕಿತ್ತು, ಎರಡನ್ನೂ ಮಗುಚಿ ಇಡಿ. ನಾನು ಆ ಕಡೆ ತಿರುಗಿರ್ತೀನಿ. ಯಾವುದು ಮೆಷಿನ್ನಿಂದು, ಯಾವುದು ನಮ್ಮ ಪುಟ್ಟಿದು, ಹಿಂಬದಿ ನೋಡಿಯೇ ಹೇಳ್ತೀನಿ."

"ಬೇಡ ಅಕ್ಕ," ಎಂದಳು ಪುಟ್ಟಿ. "ಸುಮ್ನೆ ಯಾವುದೋ ಒಂದು ತಗೊಳ್ಳೋಣ, ಹೊತ್ತಾಯ್ತು."

"ಲಕ್ಷಗಟ್ಟಲೆ ಕೊಡೋ ವಸ್ತೂನ ಸುಮ್ನೆ ತಗೊಳ್ಳೋಕೆ ಇದೇನು ಕೊತ್ತಂಬರಿ ಸೊಪ್ಪಾ? ನೀನು ಸುಮ್ನಿರು."

ಮೆಷಿನ್ ಒಂಬತ್ತು ನಿಮಿಷ ಟಕಟಕ ಎಂದಿತು. ಗಂಡ ಗಡಿಯಾರ ನೋಡಿ ಪಟ್ಟಿಯಲ್ಲಿ ಹಸಿರು ಶಾಯಿಯಿಂದ ಒಂಬತ್ತು ಎಂದು ಬರೆದ. ಅಕ್ಕ ಗೋಡೆ ನೋಡುತ್ತಾ ನಿಂತಳು. ಮ್ಯಾನೇಜರು ಕರೆದಾಗ ತಿರುಗಿದಳು. ಗಾಜಿನ ಮೇಜಿನ ಮೇಲೆ ಎರಡು ತುಂಡು, ಎರಡೂ ಬೋರಲು.

ಅಕ್ಕನಿಗೆ ಎರಡನೇ ಸಲ ನೋಡುವ ಅಗತ್ಯವೇ ಬೀಳಲಿಲ್ಲ. ಬಲಗಡೆಯದು ನೀಟಾಗಿತ್ತು, ಎಳೆ ಎಳೆಯೂ ಒಂದರ ಪಕ್ಕ ಒಂದು ಮಲಗಿತ್ತು. ಎಡಗಡೆಯದರಲ್ಲಿ ಮೂರು ಕಡೆ ಗಂಟು, ಒಂದು ಕಡೆ ದಾರ ಸಡಿಲವಾಗಿ ಜೋತಿತ್ತು, ಎಲೆಯ ತುದಿಯಲ್ಲಿ ಎರಡು ಹೊಲಿಗೆ ದಾರಿ ತಪ್ಪಿ ಹೊರಗೆ ಬಿದ್ದಿದ್ದವು.

ಅವಳು ಎಡಗಡೆಯದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ತಗೊಳ್ಳಿ, ನಿಮ್ಮ ನಾಲ್ಕು ಲಕ್ಷದ ಕೆಲಸ. ನಮ್ಮ ಅಂಗಡೀಲಿ ಯಾರಾದ್ರೂ ಇಂಥ ಹೊಲಿಗೆ ಹಾಕಿದ್ರೆ ಅವತ್ತೇ ಮನೆಗೆ ಕಳಿಸ್ತೀನಿ. ಗಂಟು ನೋಡಿ, ಗಂಟು. ಕಣ್ಣಿದ್ದವರು ಮಾಡೋ ಕೆಲಸವಾ ಇದು?"

ಗಂಡ ಪೆನ್ನು ಹಿಡಿದುಕೊಂಡೇ ಪುಟ್ಟಿಯ ಮುಖ ನೋಡಿದ.

"ಅದು ನಂದು ಅಕ್ಕ," ಎಂದಳು ಪುಟ್ಟಿ.

ಅಕ್ಕ ನಕ್ಕಳು. ಬೇರೆ ಯಾರೂ ನಗಲಿಲ್ಲ. ಅವಳು ಬಟ್ಟೆಯನ್ನು ತಿರುಗಿಸಿ ಮುಂಬದಿ ನೋಡಿದಳು. ಮೂಲೆಯಲ್ಲಿ ಪೆನ್ಸಿಲಿನಿಂದ ಎಳೆದ ಸಣ್ಣ ಗೆರೆಯಿತ್ತು, ಪುಟ್ಟಿ ಅಳತೆಗೆ ಹಾಕಿಕೊಳ್ಳುವ ಗೆರೆ. ಮೆಷಿನ್ನಿಗೆ ಪೆನ್ಸಿಲ್ ಬೇಕಿಲ್ಲ.

"ಹುಷಾರಿರಲಿಲ್ವಾ ನಿನ್ನೆ?"

"ಹುಷಾರಾಗೇ ಇದ್ದೆ. ಒಂದು ವರ್ಷದಿಂದ ಹೀಗೇ. ಕನ್ನಡಕ ಎರಡು ಸಲ ಬದಲಾಯ್ಸಿದ್ರು. ಇನ್ಮೇಲೆ ಕನ್ನಡಕದಿಂದ ಆಗಲ್ಲ, ಸೂಕ್ಷ್ಮ ಕೆಲಸ ಬಿಡಿ ಅಂದ್ರು ಡಾಕ್ಟ್ರು. ದೂರದ್ದು ಕಾಣುತ್ತೆ, ದೊಡ್ಡದು ಕಾಣುತ್ತೆ. ಸೂಜಿ ಕಣ್ಣು ಕಾಣಲ್ಲ." ಪುಟ್ಟಿ ಸೆರಗಿನ ತುದಿ ತಿರುವುತ್ತಿದ್ದಳು. "ಆ ಇಪ್ಪತ್ತು ಸೂಜಿಗೆ ದಿನಾ ಮಗಳು ದಾರ ಪೋಣಿಸಿ ಕೊಡ್ತಾಳೆ. ಇಪ್ಪತ್ತೂ ಮುಗಿದ್ರೆ ಅವತ್ತಿನ ಕೆಲಸ ಮುಗೀತು. ನೀನು ಹಿಂದೆ ತಿರುಗಿಸಿ ನೋಡಲ್ಲ ಅಂತ ಗೊತ್ತಿತ್ತು."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಕ್ಕ ಆಡಿದ್ದ ಮಾತುಗಳೆಲ್ಲ ಆ ಗಾಜಿನ ಮೇಜಿನ ಮೇಲೆ ಬಿದ್ದಿದ್ದವು: ಕೈ ಬಿದ್ದುಹೋಗಿದೆಯಾ, ಕಣ್ಣಿದ್ದವರು ಮಾಡೋ ಕೆಲಸವಾ. ಅವಳಿಗೆ ತನ್ನ ನಾಲಿಗೆಯ ಮೇಲೇ ಹೇಸಿಗೆಯಾಯಿತು. ಹೇಸಿಗೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಇನ್ನೇನು ಅತ್ತುಬಿಡುವಂಥ ಸಿಟ್ಟು.

"ಒಂದು ವರ್ಷ. ನನ್ನ ಹತ್ರ ಹೇಳೋಕೆ ನಿಂಗೇನಾಗಿತ್ತೇ?"

"ಹೇಳಿದ್ರೆ ನೀನು ಕೆಲಸ ಬಿಡಿಸಿ, ಕೂರಿಸಿ ಅನ್ನ ಹಾಕ್ತಿದ್ದೆ. ಹಾಕೇ ಹಾಕ್ತಿದ್ದೆ, ನಂಗೊತ್ತು. ನಂಗೆ ಅದು ಬೇಡ." ಪುಟ್ಟಿಯ ದನಿ ಮೊದಲ ಸಲ ಗಟ್ಟಿಯಾಯಿತು. "ಬಣ್ಣ ಆರಿಸೋದು, ಎಲೆ ಎಲ್ಲಿ ಬಾಗಬೇಕು ಅನ್ನೋದು ನಂಗೆ ಈಗ್ಲೂ ಗೊತ್ತು ಅಕ್ಕ. ದಾರ ಒಂದು ಅದೇ ಪೋಣಿಸ್ಕೊಂಡ್ರೆ ಉಳಿದಿದ್ದು ನಾನು ಮಾಡ್ತೀನಿ. ನೀನು ನೋಡಿದ್ರೆ ಬಂದ ಮೆಷಿನ್ನಿಗೆಲ್ಲ ಬೈದು ಬೈದು ಓಡಿಸ್ತಿದ್ದೀಯ."

ತಂಗಿಯ ಕುರ್ಚಿ ಉಳಿಸಲೆಂದು ಮೂರು ವಾರದಿಂದ ತಾನು ಬೈದು ಓಡಿಸುತ್ತಿದ್ದದ್ದು ಆ ಕುರ್ಚಿಯನ್ನು ಉಳಿಸಬಲ್ಲ ಮೆಷಿನ್ನನ್ನೇ ಎಂದು ಅಕ್ಕನಿಗೆ ಆಗ ಗೊತ್ತಾಯಿತು. ಅದನ್ನು ಬಾಯಿಬಿಟ್ಟು ಹೇಳುವುದು ಅವಳಿಂದ ಆಗಲಿಲ್ಲ. ಗಂಟಿನ ತುಂಡನ್ನು ನಾಲ್ಕು ಮಡಿಕೆ ಮಾಡಿ ತನ್ನ ಪರ್ಸಿನೊಳಗೆ ಇಟ್ಟುಕೊಂಡು ಜಿಪ್ಪು ಎಳೆದಳು.

ಗಂಡ ಗಂಟಲು ಸರಿಮಾಡಿಕೊಂಡ. "ಎರಡೂವರೆ ಲಕ್ಷದ್ದಕ್ಕೂ ದಾರ ಪೋಣಿಸೋ ಗುಂಡಿ ಇದೆ ಕಣೇ. ಪಟ್ಟೀಲಿ ನೋಡಿದ್ರೆ..."

"ಪಟ್ಟಿ ಮಡಿಸಿ ಜೇಬಿಗಿಡಿ. ಅಕ್ಷರ ದೊಡ್ಡದಾಗಿ ಕಾಣೋ ಟಿವಿ ಇರೋದು ಯಾವುದು? ನಾಲ್ಕು ಲಕ್ಷದ್ದು ತಾನೇ? ಅದೇ ಇರ್ಲಿ." ಮ್ಯಾನೇಜರ ಕಡೆ ತಿರುಗಿದಳು. "ನಾಲ್ಕು ಕೊಡ್ತೀನಿ ಅಂತ ಕನಸು ಕಾಣಬೇಡಿ. ಆ ನಾಯಿಮರಿಗಳನ್ನೆಲ್ಲ ತೆಗೆದು ಎಷ್ಟಾಗುತ್ತೆ ಹೇಳಿ."

"ನಾಯಿಮರಿ ತೆಗೆಯೋಕೆ ಬರಲ್ಲ ಮೇಡಂ," ಎಂದ ಮ್ಯಾನೇಜರು. ಆತನ ಸಹನೆಗೂ ಈಗ ಬೆವರು ಬಂದಿತ್ತು.

"ಬೆಲೆಯಲ್ಲಿ ತೆಗೀರಿ." ಪುಟ್ಟಿಯನ್ನು ತೋಳು ಹಿಡಿದು ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂರಿಸಿದಳು. "ಕೂರಿಸಿ ಅನ್ನ ಹಾಕ್ತಾರಂತೆ. ಯಾರಪ್ಪನ ಮನೆ ಅನ್ನ? ಆರುನೂರು ನ್ಯಾಪ್ಕಿನ್ ಕಾಯ್ತಾ ಇದೆ. ಸೋಮವಾರ ಒಂಬತ್ತು ಗಂಟೆಗೆ ಅಂಗಡಿಗೆ ಬರ್ಲಿಲ್ಲ ಅಂದ್ರೆ ನೋಡು."

ಪುಟ್ಟಿ ಮೂಗು ಒರೆಸಿಕೊಂಡಳು. ಮ್ಯಾನೇಜರು ದಾರದ ಎಳೆಯನ್ನು ಕೊಕ್ಕೆಗೆ ಸಿಕ್ಕಿಸುವುದನ್ನು ತೋರಿಸಿಕೊಟ್ಟ. ಅವಳು ಗುಂಡಿ ಒತ್ತಿದಳು. ಕ್ಲಿಕ್ ಎಂದು ಒಂದು ಸದ್ದು, ಅಷ್ಟೇ. ನೀಲಿ ದಾರ ಸೂಜಿಯ ಕಣ್ಣು ದಾಟಿ ಆಚೆ ಬಂದಿತ್ತು. ಪುಟ್ಟಿ ಬೆರಳಿನಿಂದ ಮುಟ್ಟಿ ನೋಡಿದಳು. ದಾರವನ್ನು ಎಳೆದು ತೆಗೆದಳು, ಮತ್ತೆ ಕೊಕ್ಕೆಗೆ ಸಿಕ್ಕಿಸಿ ಒತ್ತಿದಳು. ಮತ್ತೆ ತೆಗೆದಳು, ಮತ್ತೆ ಒತ್ತಿದಳು.

ಆರನೇ ಸಲಕ್ಕೆ ಮ್ಯಾನೇಜರು ಕೆಮ್ಮಿದ. "ಮೇಡಂ, ಒಂದು ಸಲ ಒತ್ತಿದ್ರೆ ಸಾಕು."

"ಒತ್ಲಿ ಬಿಡ್ರೀ," ಎಂದಳು ಅಕ್ಕ. "ಸವೆದ್ರೆ ನಮ್ಮ ಮೆಷಿನ್ ತಾನೇ ಸವೆಯೋದು."