ಬಾಣವಿಲ್ಲದ ಠೇಂಕಾರ

ನಾನು ಒಂದು ಬಿಲ್ಲು. ಬಿದಿರಿನ ಬಿಲ್ಲು. ಪುರಾಣಗಳಲ್ಲಿ ನಮ್ಮ ಕುಲವನ್ನು ಹೊಗಳಿದ್ದೇ ಹೊಗಳಿದ್ದು. ಆದರೆ ಬಿಲ್ಲನ್ನು ಹೇಗೆ ಹಿಡಿಯಬೇಕೆಂದು ತಿಳಿದವರು ನಮ್ಮೂರಿನಲ್ಲಿ ಬೆರಳೆಣಿಕೆಯಷ್ಟು ಜನ. ಉಳಿದವರಿಗೆಲ್ಲ ತಮಗೆ ತಿಳಿದಿದೆ ಎಂಬ ಭ್ರಮೆ. ನನ್ನ ಬಾಳು ಹಾಳಾದದ್ದು ಆ ಭ್ರಮೆಯಿಂದಲೇ. ಹಾಗಾಗಿ ನನ್ನ ಮಾತು ಖಾರವಾಗಿದ್ದರೆ ಸಹಿಸಿಕೊಳ್ಳಿ. ಸಹಿಸದಿದ್ದರೂ ನನಗೇನೂ ನಷ್ಟವಿಲ್ಲ.

ನನ್ನನ್ನು ಮಾಡಿದವಳು ಸರ್ವಮಂಗಳ. ತುಮಕೂರು ಕಡೆಯ ಒಂದು ಸಣ್ಣ ಪೇಟೆಯಲ್ಲಿ ಔಷಧದಂಗಡಿಯ ಕೆಲಸ ಅವಳದು. ಭಾನುವಾರ ಬೆಳಿಗ್ಗೆ ಮಾತ್ರ ಊರಾಚೆಯ ಒಣಗಿದ ಕೆರೆಯಂಗಳಕ್ಕೆ ಹೋಗುತ್ತಿದ್ದಳು. ಅಲ್ಲಿ ಹುಲ್ಲಿನ ಪಿಂಡಿ ನಿಲ್ಲಿಸಿ ಬಾಣ ಹೊಡೆಯುವ ಹವ್ಯಾಸಿಗಳ ಒಂದು ಗುಂಪಿತ್ತು. ಅಂಗಡಿಯಲ್ಲಿ ಕೊಂಡ ಬಿಲ್ಲು ಅಲ್ಲಿ ನಡೆಯುವುದಿಲ್ಲ. ತಮ್ಮ ಬಿಲ್ಲನ್ನು ತಾವೇ ಮಾಡಿಕೊಳ್ಳಬೇಕು.

ಅವಳು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು ನನ್ನನ್ನು ಸೀಳಿದಳು, ಒಡೆದ ಗಾಜಿನ ಚೂರಿನಿಂದ ಹೆರೆದಳು. ಸ್ವಲ್ಪ ಹೆರೆಯುವುದು, ಬಾಗಿಸಿ ನೋಡುವುದು, ಯಾವ ಕಡೆ ಬಿಗಿ ಇದೆಯೋ ಅಲ್ಲಿ ಮತ್ತೆ ಹೆರೆಯುವುದು. ಅವಸರ ಮಾಡಿದರೆ ಕೆಟ್ಟೆ. ಬೆರಳು ಕುಯ್ದುಕೊಂಡಾಗ ನನ್ನನ್ನೇ ಬೈದಳು, "ಮೊಂಡು ಮುಂಡೇದು, ಸ್ವಲ್ಪ ಬಗ್ಗು." ಕೊನೆಗೆ ಎರಡು ತೋಳೂ ಸಮವಾಗಿ ಬಾಗಿದಾಗ, ನೂಲು ಹೊಸೆದು ಮೇಣ ಸವರಿ ಹೆದೆ ಕಟ್ಟಿದಳು. ಆ ದಿನ ಅವಳ ಮುಖ ನೋಡಬೇಕಿತ್ತು.

ಅವಳ ತೋಳಿನ ಅಳತೆಗೆ ಆದವನು ನಾನು. ಅವಳು ಎಳೆದಷ್ಟೂ ಹಿತವಾಗಿ ಬಾಗುತ್ತಿದ್ದೆ. ಕೋಳಿಗರಿ ಕಟ್ಟಿದ ಬಾಣ ಹುಲ್ಲಿಗೆ ನಾಟಿ ಅಲ್ಲಾಡುವುದನ್ನು ನೋಡುವುದೇ ನನಗೆ ಹಬ್ಬ. ಮೈಸೂರಿನಲ್ಲಿ ಬಿಲ್ಲುಗಾರರ ಒಂದು ಕೂಟ ನಡೆಯುವುದಿತ್ತು. ಸ್ವಂತ ಕೈಯಿಂದ ಮಾಡಿದ ಬಿಲ್ಲಿದ್ದವರಿಗಷ್ಟೇ ಪ್ರವೇಶ. ಅವಳು ಮೊದಲ ಸಲ ಹೊರಟಿದ್ದಳು, ನನ್ನನ್ನು ಹಿಡಿದು.

ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಬಾಣ ಹೂಡದೆ ಹೆದೆ ಎಳೆದು ಬಿಡಬಾರದು. ಬಾಣವಿದ್ದರೆ ನನ್ನ ಬಲವೆಲ್ಲ ಬಾಣದ ಜೊತೆ ಹೋಗುತ್ತದೆ. ಬಾಣವಿಲ್ಲದಿದ್ದರೆ ಆ ಬಲಕ್ಕೆ ಹೋಗಲು ಜಾಗವಿಲ್ಲ, ತಿರುಗಿ ನನ್ನ ಮೈಗೇ ಬಡಿಯುತ್ತದೆ. ಹೊಸಬರು ಯಾರಾದರೂ ಖಾಲಿ ಹೆದೆ ಮುಟ್ಟಿದರೆ ಸರ್ವಮಂಗಳ ಕೆರೆಯಂಗಳ ಅದುರುವಂತೆ ಗದರುತ್ತಿದ್ದಳು. ಅದನ್ನು ಕೇಳಿ ನನಗೆ ಧೈರ್ಯವಿತ್ತು. ನಾನೂ ಮೋಸ ಹೋದೆ.

ಒಂದು ಸಂಜೆ ಅವಳ ಭಾವ ಶಿವರುದ್ರಯ್ಯ ಒಳಗೆ ಬಂದರು. ಅವಳ ಗಂಡ ಓಂಕಾರಪ್ಪನ ಅಣ್ಣ, ಒಂದೇ ಜಗಲಿಯ ಆಚೆ ಭಾಗದಲ್ಲಿ ಸಂಸಾರ. ಪೌರಾಣಿಕ ನಾಟಕಗಳಲ್ಲಿ ಪಾರ್ಟು ಮಾಡುವ ಹುಚ್ಚು ಅವರಿಗೆ.

"ಮಂಗಳಾ, ಭಾನುವಾರ ನಾಟಕ ಐತೆ ಕಣವ್ವ. ಬಿಲ್ಲು ಹಿಡಿಯೋ ರಾಜಕುಮಾರನ ಪಾರ್ಟು ನಂದು. ಆ ಸೀನರಿಯವ್ರು ಕೊಡೋ ಪ್ಲೈವುಡ್ ಬಿಲ್ಲು ಹಿಡ್ಕಂಡ್ರೆ ಜನ ನಗ್ತಾರೆ. ನಿಂದು ಕೊಡು."

"ಭಾವ, ಅದು..."

"ಏನದು? ನಂಗೇ ಹೇಳ್ಕೊಡ್ತೀಯಾ? ನಾನು ಸ್ಟೇಜ್ ಹತ್ತಕ್ಕೆ ಶುರು ಮಾಡ್ದಾಗ ನೀನಿನ್ನೂ ಲಂಗ ಹಾಕ್ತಿದ್ದೆ!"

"ಅಣ್ಣ ಬಾಯ್ಬಿಟ್ಟು ಕೇಳ್ತಾವ್ರೆ, ಕೊಡೇ," ಎಂದ ಓಂಕಾರಪ್ಪ.

ಬಾಣ ಇಲ್ಲದೆ ಹೆದೆ ಬಿಡಬೇಡಿ. ಇಷ್ಟು ಹೇಳುವುದಕ್ಕೆ ಏನಾಗಿತ್ತು ಅವಳಿಗೆ? ಕೆರೆಯಂಗಳದಲ್ಲಿ ಅಷ್ಟು ದೊಡ್ಡ ಗಂಟಲು, ಭಾವನ ಮುಂದೆ ಬಾಗಿಲ ಚಿಲಕ ತಿರುಚುತ್ತ ನಿಂತಳು. ಆಮೇಲೆ ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟುಬಿಟ್ಟಳು. ಶಿವರುದ್ರಯ್ಯನ ಮೇಲೆ ಸಿಟ್ಟು ಬಂದದ್ದು ಆಮೇಲೆ. ಮೊದಲು ಸಿಟ್ಟು ಬಂದದ್ದು ಅವಳ ಮೇಲೆ.

ನಾಟಕ ಬೆಳಿಗ್ಗೆ ಶುರುವಾಯಿತು. ನನ್ನ ಮೈತುಂಬ ಚಿನ್ನದ ಬಣ್ಣದ ಕಾಗದ ಅಂಟಿಸಿದ್ದರು. ಹೆದೆ ಇಳಿಸುವ ಗೋಜಿಗೇ ಹೋಗದೆ, ಬಿಗಿದಂತೆಯೇ ನನ್ನನ್ನು ಬಣ್ಣದ ಕೋಣೆಯಲ್ಲಿ ಒರಗಿಸಿದ್ದರು. ಬೆನ್ನು ನೋಯುತ್ತಿತ್ತು. ಯಾರನ್ನು ಕೇಳಲಿ?

ಶಿವರುದ್ರಯ್ಯ ಕಿರೀಟ ಸರಿಮಾಡಿಕೊಂಡು ರಂಗಕ್ಕೆ ನುಗ್ಗಿದರು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಕೊಟ್ಟರು. ಕಂದ ಹಾಡಿ, ಎದೆ ಉಬ್ಬಿಸಿ, ನನ್ನ ಖಾಲಿ ಹೆದೆಯನ್ನು ಕಿವಿಯಾಚೆಗೆ ಎಳೆದು ಬಿಟ್ಟರು. ಠೇಂ! ನನ್ನ ಮೈಯೆಲ್ಲ ನಡುಗಿತು. ಮೇಲಿನ ತೋಳಿನ ಗೆಣ್ಣಿನ ಹತ್ತಿರ ಒಂದು ಎಳೆ ಸೀಳಿತು. ಅಷ್ಟಕ್ಕೇ ಬಿಟ್ಟಿದ್ದರೆ ನೂಲು ಸುತ್ತಿ ಉಳಿಸಿಕೊಳ್ಳಬಹುದಿತ್ತು.

"ಒನ್ಸ್ ಮೋರ್!" ಎಂದು ಹಿಂದಿನಿಂದ ಯಾರೋ ಕೂಗಿದ. ಆಮೇಲೆ ಎಲ್ಲರೂ ಕೂಗಿದರು. ಶಿಳ್ಳೆಯೋ ಶಿಳ್ಳೆ. ನನ್ನ ಎಲುಬು ಮುರಿಯುವ ಸದ್ದು ಅವರಿಗೆ ಅಷ್ಟು ಇಂಪಾಗಿತ್ತು.

ಮುಂದಿನ ಸಾಲಿನಲ್ಲಿ ಸರ್ವಮಂಗಳ ದಡಕ್ಕನೆ ಎದ್ದಳು. ಬಾಯಿ ತೆರೆದಳು. ಓಂಕಾರಪ್ಪ ಅವಳ ರಟ್ಟೆ ಹಿಡಿದು ಎಳೆದ. "ಕೂತ್ಕಳೇ, ಜನ ನೋಡ್ತಾವ್ರೆ!"

ಅವಳು ಕೂತಳು.

ಶಿವರುದ್ರಯ್ಯ ಮತ್ತೆ ಎಳೆದರು, ಮೊದಲಿಗಿಂತ ಜೋರಾಗಿ. ನಾನು ಗೆಣ್ಣಿನ ಬಳಿ ಲಟಕ್ಕನೆ ಮುರಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬ ರಂಗಕ್ಕೇ ಹತ್ತಿ ಅವರಿಗೆ ಹಾರ ಹಾಕಿದ. ಮುರಿದವನಿಗೆ ಹಾರ, ಮುರಿದುಕೊಂಡವನು ಕಾಲಡಿಯಲ್ಲಿ.

ಮನೆಗೆ ಬಂದ ಮೇಲೆ ಶಿವರುದ್ರಯ್ಯ ಅವಳಿಗೆ ಹೇಳಿದ್ದು ಇಷ್ಟೇ. "ಬಿದಿರಿಗೇನವ್ವ ಬರ? ಇನ್ನೊಂದು ಮಾಡ್ಕೋ." ಬಿದಿರಂತೆ! ಕೂಟಕ್ಕೆ ಮೊದಲು ಇನ್ನೊಂದನ್ನು ಹೆರೆದು ಮುಗಿಸುವಷ್ಟು ದಿನಗಳಿರಲಿಲ್ಲ, ಅವಳು ಮೈಸೂರಿಗೆ ಹೋಗಲಿಲ್ಲ. ಗುಂಪಿನವರು ಹೊರಟ ದಿನ ಹಿತ್ತಲಿನ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದಳಂತೆ. ನಾನು ನೋಡಲಿಲ್ಲ. ಆ ಹೊತ್ತಿಗೆ ನನಗೆ ಅಂಟು ಹಚ್ಚಿ ಶಿವರುದ್ರಯ್ಯನ ಶೋಕೇಸಿಗೆ ಏರಿಸಿದ್ದರು.

ಈಗಲೂ ಅಲ್ಲೇ ಇದ್ದೇನೆ. ಒಂದು ಪಕ್ಕ ಪ್ಲಾಸ್ಟಿಕ್ ಹೂವು, ಇನ್ನೊಂದು ಪಕ್ಕ ಕಿರೀಟ ಹಾಕಿದ ಅವರ ಫೋಟೊ. ಬಂದವರಿಗೆಲ್ಲ ಅದೇ ಪುರಾಣ: "ನಾನು ಎಳೆದ ರಭಸಕ್ಕೆ ಬಿಲ್ಲೇ ಮುರಿದೋಯ್ತು ನೋಡಿ!" ಬಂದವರು ಕಾಫಿ ಹೀರುತ್ತ ಬೆರಗಾಗುತ್ತಾರೆ. ಹೂಡದ ಬಾಣದ ಬಗ್ಗೆ ಇದುವರೆಗೆ ಒಬ್ಬರೂ ಕೇಳಿಲ್ಲ. ನನಗೆ ಮೈ ಉರಿಯುತ್ತದೆ.

ಮೊನ್ನೆ ಒಂದು ಭಾನುವಾರ ಹೀಗೇ ನೆಂಟರು ಕೂತಿದ್ದರು. ಸರ್ವಮಂಗಳ ಜಗಲಿ ಹಾದು ಹೊರಟಿದ್ದಳು. ಹೆಗಲಿನಲ್ಲಿ ಬತ್ತಳಿಕೆ, ಕೈಯಲ್ಲಿ ಹೊಸ ಬಿಲ್ಲು. ಗಾಜಿನ ಚೂರಿನ ಹೆರೆತ ದೂರದಿಂದಲೇ ಗುರುತು ಸಿಕ್ಕಿತು.

"ತತ್ತಾ ಮಂಗಳಾ ಇಲ್ಲಿ," ಎಂದು ಶಿವರುದ್ರಯ್ಯ ಕೂತಲ್ಲಿಂದಲೇ ಕೈ ಚಾಚಿದರು. "ಇವ್ರಿಗೆ ಒಂದ್ಸಲ ಠೇಂಕಾರ ಮಾಡಿ ತೋರಿಸ್ತೀನಿ."

"ಕೊಡಲ್ಲ ಭಾವ."

ಕಾಫಿ ಲೋಟಗಳು ತುಟಿಯ ಹತ್ತಿರ ನಿಂತವು. ಓಂಕಾರಪ್ಪ ಒಳಗಿನಿಂದ "ಏಯ್" ಎಂದ. ಅವಳು ಆ ಕಡೆ ತಿರುಗಲೂ ಇಲ್ಲ.

"ಬಾಣ ಇಲ್ದೆ ಹೆದೆ ಬಿಟ್ರೆ ಬಿಲ್ಲು ಸಾಯ್ತದೆ. ನೀವು ಅದನ್ನ ಸಾಯಿಸಿದ್ರಿ. ಶಕ್ತಿಯಿಂದ ಅಲ್ಲ ಭಾವ, ಗೊತ್ತಿಲ್ದೆ. ಅವತ್ತೇ ಹೇಳ್ಬೇಕಿತ್ತು ನಾನು, ಹೆದರ್ಕೊಂಡೆ. ಈಗ ಹೇಳ್ತಿದೀನಿ."

ಇಷ್ಟು ಹೇಳಿ ಮೆಟ್ಟಿಲಿಳಿದು ಹೋದಳು. ಶಿವರುದ್ರಯ್ಯನ ಕೈ ಇನ್ನೂ ಚಾಚಿಕೊಂಡೇ ಇತ್ತು. ನೆಂಟರಲ್ಲಿ ಒಬ್ಬರು ಎದ್ದು ಬಂದು ಗಾಜಿನ ಹತ್ತಿರ ಬಗ್ಗಿ, ಮೊದಲ ಸಲ ನನ್ನ ಮುರಿದ ಜಾಗವನ್ನು ದಿಟ್ಟಿಸಿ ನೋಡಿದರು.

ನನ್ನ ಸಿಟ್ಟು ಹೋಗಿದೆ ಎಂದು ಯಾರೂ ತಿಳಿಯಬೇಡಿ. ಶಿವರುದ್ರಯ್ಯನ ಮೇಲೆ ಇದೆ, ರಟ್ಟೆ ಹಿಡಿದೆಳೆದವನ ಮೇಲೆ ಇದೆ, ಒನ್ಸ್ ಮೋರ್ ಎಂದ ಪ್ರತಿಯೊಂದು ಬಾಯಿಯ ಮೇಲೂ ಇದೆ. ಅವಳ ಮೇಲೆ ಮಾತ್ರ ಇಲ್ಲ.