ಹೋತೆ ಎಂದವನು

ಉಪ್ಪುಂದದ ಪದ್ದುವಿನ ಮಗ ರತೀಶ ದೋಣಿ ಮಗುಚಿ ಕಡಲಪಾಲಾಗಿ ಎರಡು ವರ್ಷವಾಗಿತ್ತು. ಹೆಣ ಸಿಕ್ಕಿರಲಿಲ್ಲ. ಬೊಜ್ಜವೆಂಬ ಉತ್ತರಕ್ರಿಯೆಯೂ ಆಗಿರಲಿಲ್ಲ. ಊರವರು ಎಷ್ಟು ಹೇಳಿದರೂ ಸೊಸೆ ಶರ್ಮಿಳಾ ಒಪ್ಪಲಿಲ್ಲ. "ಹೋಯ್ ಬತ್ತೆ ಅಂದೇ ಹೋದದ್ದ್ ಅವ್ರ್. ಅತ್ತೆ ಕೇಂಡಿದ್ರ್," ಎನ್ನುವಳು. ಆ ದಿನ ಅವಳು ಕಿರಿಮಂಜೇಶ್ವರದ ತವರಿನಲ್ಲಿದ್ದಳು. ಕರಿಮಣಿ ಇನ್ನೂ ಕೊರಳಲ್ಲೇ ಇತ್ತು.

ಕಡಲಿನಲ್ಲಿ ಮನೆಯವರನ್ನು ಕಳಕೊಂಡವರ ಅನುಭವದ ಮೇಲೆ ಸಂಶೋಧನೆ ಮಾಡುತ್ತಿದ್ದ ಬ್ರಹ್ಮಾವರದ ಧನ್ಯಶ್ರೀ ಹಿಂದಿನ ತಿಂಗಳು ಬಂದಿದ್ದಳು. ದೋಣಿ ಹೇಗೆ ಮಗುಚಿತು, ತಪ್ಪು ಯಾರದು ಎಂದು ಅವಳು ಕೇಳಲಿಲ್ಲ.

"ಅದೆಲ್ಲ ಪೊಲೀಸ್ರ್ ಬರ್ದಾಯ್ತ್, ಪದ್ದಕ್ಕ. ಆ ದಿನ ನಿಮ್ಗ್ ಹ್ಯಾಂಗಿತ್ತ್, ಈಗ ಹ್ಯಾಂಗಿತ್ತ್, ಅಷ್ಟ್ ಹೇಳಿ. ನಂಗೆಂತದೂ ಗೊತ್ತಿಲ್ಲ ಅಂದ್ಕಣಿ," ಎಂದು ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ ಸುಮ್ಮನೆ ಕೂತಳು.

ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಸೊಸೆ ಮೀನು ಮಾರಲು ಹೋಗಿದ್ದಳು. ಪದ್ದು ಎಲ್ಲವನ್ನೂ ಹೇಳಿಬಿಟ್ಟಳು.

ಈಗ ಧನ್ಯಶ್ರೀ ಅದನ್ನು ಬರೆದು ತಂದಿದ್ದಳು. ಹೇಳಿದವರಿಗೆ ಓದಿ ತೋರಿಸಿ ಒಪ್ಪಿಗೆ ಪಡೆಯಬೇಕಂತೆ. ಶರ್ಮಿಳಾ ಜಗಲಿಯ ಕೆಳಗೆ ಬಂಗುಡೆ ಕೊಯ್ಯುತ್ತಿದ್ದಳು.

"ಹ್ವಾಯ್ ಅತ್ತೆ, ನಿಮ್ಮ್ ಮಾತ್ ಪುಸ್ತಕಕ್ಕ್ ಹೋತ್! ಇನ್ ನಮ್ಮತ್ರ ಮಾತಾಡ್ತ್ರ್ಯಾ?" ಎಂದು ನಕ್ಕಳು.

ಧನ್ಯಶ್ರೀ ಓದಿದಳು: "ಅವನಿಗೆ ಜ್ವರವಿತ್ತು. ಇವತ್ತು ಬೇಡ ಎಂದ. ಹೆಂಡತಿ ತವರಿಗೆ ಹೋದರೆ ನಿನಗೆ ಏಳಲಿಕ್ಕೂ ಆಗುವುದಿಲ್ಲವೇ, ಗಂಡಸಲ್ಲವೇ ನೀನು, ಎಂದೆ. ಹೋಗಿ ಬರುತ್ತೇನೆ ಎಂದು ಎದ್ದು ಹೋದ."

ಪದ್ದು ತಲೆಯೆತ್ತಿದಳು. ಆ ಮಾತು ಹಾಗಿರಲಿಲ್ಲ. ಹೂಂ ಎಂದರೆ ಮುಗಿಯುತ್ತಿತ್ತು. ಸೊಸೆ ಕಾಯುವುದೂ ಹಾಗೆಯೇ ಮುಂದುವರಿಯುತ್ತಿತ್ತು. ಪದ್ದು ಮನಸ್ಸಿನಲ್ಲೇ ಊರದೇವಿ ಅಮ್ಮನವರಿಗೆ ಕೈಮುಗಿದಳು.

"ಅಲ್ಲ ಮಗಾ. ಬತ್ತೆ ಅನ್ಲಿಲ್ಲ ಅಂವ. 'ಹೋತೆ' ಅಂದ. ಅಷ್ಟೇ."

"ಕಡಲಿಗ್ ಹೊರಟವ್ರ್ ಯಾರಾದ್ರೂ ಹಾಂಗ್ ಹೇಳ್ತ್ರಾ ಅಕ್ಕ? ನೀವ್ ಬಾಯ್ತಪ್ಪಿ ಹೇಳಿದ್ದ್ ಅಂದ್ಕಂಡೆ..."

"ಎಂತದೂ ಗೊತ್ತಿಲ್ಲ ಅಂದಿದ್ಯಲೆ ನೀನ್? ಹಾಂಗಾರ್ ಎಂತಕ್ ತಿದ್ದಿದೆ?"

ಧನ್ಯಶ್ರೀಯ ಮುಖ ಸಣ್ಣದಾಯಿತು. ಪೆನ್ನು ತೆಗೆದು ಆ ಸಾಲಿಗೆ ಗೀಟು ಹಾಕಿದಳು. ಅದರ ಮೇಲೆ 'ಹೋಗುತ್ತೇನೆ' ಎಂದೂ ತಿದ್ದದೆ, ಅವನ ಬಾಯಲ್ಲಿ ಬಂದಂತೆಯೇ 'ಹೋತೆ' ಎಂದು ಬರೆದಳು.

ಕತ್ತಿಯ ಸದ್ದು ನಿಂತಿತ್ತು.

"ನನ್ನತ್ರ ಬತ್ತೆ ಅಂದಿದ್ರ್ ಅಂದ್ರಿ, ಅತ್ತೆ."

"ಸುಳ್ಳ್ ಹೇಳ್ದೆ. ಅನ್ನ ನೀರ್ ಬಿಟ್ಟ್ ಮನಿಕಂಡಿದ್ದೆ ನೀನ್. ನಾನೇ ದೂಡಿ ಕಳ್ಸಿದ್ದ್ ಅಂದ್ ಹ್ಯಾಂಗ್ ಹೇಳುದ್?"

ಶರ್ಮಿಳಾ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಪದ್ದುವಿಗೆ ತುಸು ಹಗುರವಾಗುತ್ತಿತ್ತೇನೋ. ಉಳಿದ ಬಂಗುಡೆಗಳನ್ನೂ ಕೊಯ್ದು, ತೊಳೆದು, ಉಪ್ಪು ಹಚ್ಚಿಟ್ಟಳು. ಬಾವಿಕಟ್ಟೆಯಲ್ಲಿ ಕೈ ತೊಳೆದು ಬಂದು ಅತ್ತೆಯ ಮುಖ ನೋಡದೆ ಹೇಳಿದಳು:

"ಭಟ್ರತ್ರ ಬೊಜ್ಜಕ್ಕೆ ದಿನ ಕೇಣಿ."